ಹೋರಿಯ ಮನೆಗೆ ಗಿಣ್ಣ

ಜವಾರಿ ಹೋರಿಗಳ ವೀರ್ಯ ತೆಗೆದು, ತಳಿ ಅಳಿಯದಂತೆ ಕಾಪಿಡುವುದು ನನ್ನ ಕೆಲಸ. ಕುರುಗೋಡಿನ ಗೌರಮ್ಮನವರ ಬಿಳಿ ಹೋರಿಯನ್ನು ನೋಡಿದವನೇ ಅಲ್ಲೇ ನಿಂತುಬಿಟ್ಟೆ. ಅಂಥ ಭುಜ, ಅಂಥ ಕೋಡು ಈಗ ಎಲ್ಲಿವೆ? ಅದರ ವೀರ್ಯ ಬೇಕೆಂದು ಕೇಳಿದೆ.

"ಒಯ್ರಿ ಡಾಕ್ಟ್ರ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಗಿಣ್ಣ ಯಾರು ತಂದು ಕೊಡ್ತಾರ?" ಎಂದರು ಗೌರಮ್ಮ.

ನನಗೆ ತಿಳಿಯಲಿಲ್ಲ. ಯಾರದಾದರೂ ಆಕಳಿಗೆ ಹೋರಿ ಬಿಟ್ಟಿದ್ದಕ್ಕೆ ಅವರು ರೊಕ್ಕ ಮುಟ್ಟುವುದಿಲ್ಲವಂತೆ. ಕರು ಹುಟ್ಟಿದ ಮನೆಯವರು ಮೊದಲ ಹಾಲಿನ ಗಿಣ್ಣ ಮಾಡಿ ಹೋರಿಯ ಮನೆಗೆ ಮುಟ್ಟಿಸಬೇಕಂತೆ.

"ಯವ್ವಾ, ನಾ ಒಯ್ಯೋ ವೀರ್ಯ ಎಲ್ಲೆಲ್ಲಿಗೋ ಹೋಗ್ತೈತಿ. ಯಾವೂರಾಗ ಕರು ಹುಟ್ತೈತೋ ಏನೋ."

"ಹುಟ್ಟಿದ ಊರಿಗೆ ನೀವರ ಹೋಗ್ತೀರಲ್ರಿ? ನೀವ ತರ್ರಿ."

ಹೋರಿಯ ಮುಖ ನೋಡಿ ಒಪ್ಪಿಕೊಂಡೆ.

ಮರುವರ್ಷ ಸಿರುಗುಪ್ಪದಲ್ಲಿ ಅದರ ಮೊದಲ ಹೆಣ್ಗರು ಎದ್ದು ನಿಂತಿತು, ಅಪ್ಪನದೇ ಹಣೆ. ಆ ಮನೆಯವರನ್ನು ಕೇಳಿ ಗಿಣ್ಣ ತಂದೆ. ಗೌರಮ್ಮ ತಾವು ಬಾಯಿಗೆ ಹಾಕಿಕೊಳ್ಳುವ ಮೊದಲು ಡಬ್ಬಿಯನ್ನು ಹೋರಿಯ ಮೂಗಿಗೆ ಹಿಡಿದು, "ನೋಡಲೇ, ಸಿರುಗುಪ್ಪದಾಗ ನಿನ್ನ ಮಗಳು ಹುಟ್ಯಾಳ!" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದರು. ಹೋರಿಗೆ ಏನನಿಸಿತೋ, ನನ್ನ ಎದೆಯಂತೂ ಉಬ್ಬಿತು.

ಈಗ ನಮ್ಮ ಜೀಪಿನಲ್ಲಿ ವೀರ್ಯದ ಕ್ಯಾನಿನ ಪಕ್ಕ ಗಿಣ್ಣದ ಡಬ್ಬಿಗೂ ಜಾಗವಿದೆ. ಬಳ್ಳಾರಿಯ ಸಾಹೇಬರು ಕೇಳಿದರೆ ಸ್ಯಾಂಪಲ್ ಅನ್ನುತ್ತೇನೆ.