ಬಚ್ಚಲ ನಲ್ಲಿಯ ಜುಮ್

ನಮ್ಮ ಮನೆಯ ಬಚ್ಚಲಿನ ಹೀಟರ್ ಕೈಕೊಟ್ಟದ್ದು ಕಳೆದ ಚಳಿಗಾಲದಲ್ಲಿ. ಒಂದೇ ಏಟಿಗೆ ಅಲ್ಲ. ತಳದಿಂದ ತುಕ್ಕುನೀರು ತೊಟ್ಟಿಕ್ಕಲು ಶುರುವಾಗಿ, ಗೋಡೆಯ ಮೇಲೆ ಕಂದು ಗೆರೆ ಇಳಿದು, ಕೊನೆಗೆ ಕೆಳಗೊಂದು ಮಗ್ಗು ಇಡುವ ಹಂತಕ್ಕೆ ಬಂತು. ಚಿತ್ರದುರ್ಗದಲ್ಲಿ ನಮ್ಮ ಬೋರ್‌ವೆಲ್ಲಿನಂಥ ಗಡಸು ನೀರು ಕುಡಿದ ಹೀಟರ್ ಹೆಚ್ಚು ದಿನ ಬಾಳುವುದಿಲ್ಲ. ನಮ್ಮದು ಒಂಬತ್ತು ವರ್ಷ ಬಾಳಿತು ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಹೊಸದು ಹಾಕುವುದು ಎಷ್ಟರ ಕೆಲಸ ಎಂದುಕೊಂಡಿದ್ದೆ. ಅಂಗಡಿಗೆ ಹೋಗುವುದು, ಆಟೋದಲ್ಲಿ ತರುವುದು, ಹಳೆಯದು ನೇತಾಡುತ್ತಿದ್ದ ಬೋಲ್ಟಿಗೇ ನೇತುಹಾಕುವುದು. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಮೊದಲು ತಾಳ್ಯದಲ್ಲಿ, ಆಮೇಲೆ ಇಲ್ಲೇ ಊರಲ್ಲಿ. ವಿದ್ಯುತ್ತಿನ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಒಂದು ಮನೆ ಬರೆದು, ಮೂರು ತಂತಿ ಎಳೆದು, ಹಸಿರು ತಂತಿ ನೆಲಕ್ಕೆ ಸೇರದಿದ್ದರೆ ಏನಾಗುತ್ತದೆ ಎಂದು ಕೇಳುತ್ತಿದ್ದೆ. ಉತ್ತರ ಬಾರದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ನನ್ನ ಮನೆಯ ಕರೆಂಟಿನ ವಿಷಯಕ್ಕೆ ಇನ್ನೊಬ್ಬರ ಸಲಹೆ ಬೇಕೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಹೀಟರ್ ಹಾಕಲು ಬಂದ ಎಲೆಕ್ಟ್ರಿಷಿಯನ್ ನಲವತ್ತು ದಾಟಿದ ನಿಧಾನಸ್ಥ. ಹಳೆಯದನ್ನು ಇಳಿಸುವ ಮೊದಲು ಅದರ ಸ್ವಿಚ್ ಹಾಕಿ, ಟೆಸ್ಟರನ್ನು ಬಚ್ಚಲಿನ ನಲ್ಲಿಗೆ ಮುಟ್ಟಿಸಿದ. ಟೆಸ್ಟರಿನೊಳಗಿನ ಕೆಂಪು ದೀಪ ಹತ್ತಿಕೊಂಡಿತು.

"ಸರ್, ನಲ್ಲೀಲಿ ಕರೆಂಟ್ ಬರ್ತೈತೆ. ಮನೇಲಿ ಯಾರಿಗೂ ಜುಮ್ ಅಂದಿಲ್ವೇನ್ರಿ?"

"ಇಲ್ಲಪ್ಪ," ಎಂದೆ ಗಟ್ಟಿಯಾಗಿ.

"ನನಗೆ ಅಂತಿತ್ತು," ಎಂದಳು ನನ್ನ ಹೆಂಡತಿ, ಅಡುಗೆಮನೆಯ ಬಾಗಿಲಲ್ಲಿ ನಿಂತು.

ಹೌದು, ಹೇಳಿದ್ದಳು. ಅದಕ್ಕೂ ಒಂದು ವರ್ಷ ಹಿಂದೆ, ನಲ್ಲಿ ಮುಟ್ಟಿದರೆ ಬೆರಳು ಜುಮ್ ಅನ್ನುತ್ತೆ ಎಂದು ಮೂರು ನಾಲ್ಕು ಸಲ ಹೇಳಿದ್ದಳು. ಚಳಿಗೆ ಮರಗಟ್ಟಿದ ಕೈಗೆ ಬಿಸಿನೀರು ತಾಗಿದಾಗ ನರಗಳು ಹಾಗೆ ಮಾಡುತ್ತವೆ ಎಂದು ನಾನು ವಿವರಿಸಿದ್ದೆ. ಅಷ್ಟಕ್ಕೇ ಬಿಡದೆ ಅವಳನ್ನು ಕರೆದುಕೊಂಡು ಹೋಗಿ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿದ್ದೆ. ಸಕ್ಕರೆ ಸರಿಯಾಗಿತ್ತು. ಹಾಗಾದರೆ ವಿಟಮಿನ್ ಕೊರತೆ ಎಂದು ನಾನೇ ತೀರ್ಪು ಕೊಟ್ಟು ಮಾತ್ರೆ ತಂದಿದ್ದೆ. ಒಂದು ತಿಂಗಳು ಪಾಪ ನುಂಗಿದಳು. ಆಮೇಲೆ ಆ ಮಾತು ಎತ್ತಲಿಲ್ಲ. ಮಾತ್ರೆ ಕೆಲಸ ಮಾಡಿತು ಎಂದುಕೊಂಡು ನಾನು ಮೀಸೆ ತಿರುವಿದ್ದೆ.

ಎಲೆಕ್ಟ್ರಿಷಿಯನ್ ಎದುರಿಗೆ ಸೋಲಲು ಮನಸ್ಸಾಗಲಿಲ್ಲ. "ಹಂಗಾದ್ರೆ ನನಗ್ಯಾಕೆ ಒಂದಿನಾನೂ ಅನ್ಲಿಲ್ಲ?" ಎಂದು ಅವಳನ್ನೇ ಕೇಳಿದೆ.

"ನೀವು ಬಚ್ಚಲಿಗೆ ಹೋಗೋಕ್ ಮುಂಚೆ ನಾನು ಸ್ವಿಚ್ ಆರಿಸ್ತಿದ್ನಲ್ಲ. ಆರಿಸಿದ್ರೆ ಏನೂ ಅನ್ನಲ್ಲ ಅದು."

ಪ್ರತಿದಿನ ಬೆಳಿಗ್ಗೆ ಸ್ವಿಚ್ಚಿನ ಟಕ್ ಸದ್ದು, ಅದರ ಹಿಂದೆಯೇ "ನೀರು ಕಾದೈತೆ, ಹೋಗ್ರಿ" ಎಂಬ ಅವಳ ಕೂಗು. ಅದು ಕರೆಂಟ್ ಬಿಲ್ ಉಳಿಸುವ ಜಾಣತನ ಎಂದು ನಾನು ತಿಳಿದಿದ್ದೆ. ಬಂದ ನೆಂಟರ ಮುಂದೆ, ನಮ್ಮನೆಯವಳ ಕೈ ಭಾರಿ ಬಿಗಿ ಎಂದು ಗೇಲಿಯನ್ನೂ ಮಾಡಿದ್ದೆ. ಅವಳೂ ಎಲ್ಲರ ಜೊತೆ ನಕ್ಕಿದ್ದಳು. ಸ್ವಿಚ್ ಹಾಕಿ ಒಂದು ಸಲ ಮುಟ್ಟಿ, ಆರಿಸಿ ಇನ್ನೊಂದು ಸಲ ಮುಟ್ಟಿ, ದೋಷ ಎಲ್ಲಿದೆ ಎಂದು ತಾನೇ ಕಂಡುಕೊಂಡಿದ್ದಳು. ಪ್ರಯೋಗ ಮಾಡಿ ನೋಡಿ ಎಂದು ಊರಿನ ಮಕ್ಕಳಿಗೆಲ್ಲ ಹೇಳಿದ ನಾನು ಆ ನಲ್ಲಿಗೆ ಒಮ್ಮೆ ಕೈಯಿಟ್ಟು ನೋಡಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಅವಳಿಗೆ ಏನಾಗಬಹುದಿತ್ತು ಎಂದು ಹೆದರಿಕೆಯಾಯಿತು.

ಹೀಟರ್ ಬದಲಿಸಿದರೆ ಸಾಲದು ಎಂದ ಎಲೆಕ್ಟ್ರಿಷಿಯನ್. ಒಳಗಿನ ಕಾಯಿಲ್ ಸೀಳಿದ್ದು ಒಂದು ಕಾರಣ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಅರ್ತಿಂಗ್ ಸತ್ತಿದ್ದು ಇನ್ನೊಂದು. "ಅರ್ತಿಂಗ್ ಗುಂಡಿ ಎಲ್ಲೈತೆ ತೋರಿಸ್ರಿ," ಎಂದ. ತೋರಿಸಲು ನನಗೆ ಹೊತ್ತು ಹಿಡಿಯಿತು. ಸ್ಕೂಟರ್ ನಿಲ್ಲಿಸಲು ಚೆಂದ ಇರಲಿ ಎಂದು ಗೇಟಿನ ಹತ್ತಿರದ ನೆಲಕ್ಕೆ ನಾನೇ ಸಿಮೆಂಟ್ ಹಾಕಿಸಿದ್ದೆ, ಗುಂಡಿ ಅದರಡಿ ಇತ್ತು. ಒಡೆದು ನೋಡಿದರೆ ಅರ್ತಿಂಗಿನ ಕಬ್ಬಿಣದ ಕಡ್ಡಿ ಒಂದು ಮೊಳವೂ ಇಳಿದಿಲ್ಲ, ಕೆಳಗೆ ಬಂಡೆ. ಕೋಟೆಯ ಬುಡದ ಬಡಾವಣೆ ನಮ್ಮದು, ಎಲ್ಲಿ ಅಗೆದರೂ ಕಲ್ಲು. ಬಂಡೆಯ ಮೇಲಿದ್ದ ಆ ಒಂದಿಷ್ಟು ಮಣ್ಣು ವರ್ಷಗಟ್ಟಲೆ ನೀರು ಕಾಣದೆ ಹಿಟ್ಟಾಗಿತ್ತು; ಅಂಥ ಒಣ ಮಣ್ಣಿಗೆ ಕರೆಂಟ್ ಇಳಿಯುವುದಿಲ್ಲ.

ಒಂದು ಹೀಟರ್ ತರಲು ಹೊರಟವನು ಕೊನೆಗೆ ದಪ್ಪ ವೈರು, ಹೊಸ ಸಾಕೆಟ್ಟು, ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚು, ಒತ್ತಡ ಬಿಡುವ ವಾಲ್ವು ಎಲ್ಲ ತಂದೆ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಸದಾ ನೀರು ಹರಿಯುವ ಕಡೆ, ಇಬ್ಬರು ಆಳುಗಳು ಎರಡು ದಿನ ಬಂಡೆಯ ಸಂದು ಹುಡುಕಿ ಹೊಸ ಗುಂಡಿ ತೋಡಿದರು. ಅದಕ್ಕೆ ತುಂಬಲು ಇಸ್ತ್ರಿ ಅಂಗಡಿಯಿಂದ ಇದ್ದಿಲು ಬಂತು, ಸಂತೆಯಿಂದ ಒಂದು ಚೀಲ ಕಲ್ಲುಪ್ಪು. ಹೀಟರಿನ ಬೆಲೆಯನ್ನು ಇನ್ನೊಮ್ಮೆ ಕೊಟ್ಟಷ್ಟು ಖರ್ಚಾಯಿತು. ಸೊಪ್ಪಿಗೂ ಚೌಕಾಸಿ ಮಾಡುವ ನಾನು ಈ ಸಲ ಬಾಯಿ ಬಿಡಲಿಲ್ಲ.

ಎರಡನೇ ದಿನ ಸಂಜೆ ಕೆಲಸದವರೆಲ್ಲ ಹೋದ ಮೇಲೆ ನಾವಿಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ಕೂತಿದ್ದೆವು. ತಪ್ಪಾಯಿತು ಎಂದು ನೇರವಾಗಿ ಹೇಳಲು ನನಗೆ ಬರುವುದಿಲ್ಲ. "ನಾನು ಕೇಳ್ದೇ ಇದ್ದಾಗ ಜಗಳ ಆಡಬಹುದಿತ್ತಲ್ಲ," ಎಂದೆ.

"ಆಡಿದ್ರೆ ಇನ್ನೊಂದು ಮಾತ್ರೆ ತರ್ತಿದ್ರಿ."

ನಗು ಬಂತು ನನಗೆ. ಆ ನಗುವಿನಲ್ಲೇ ಹೇಳಿದೆ: ಒಂದೇ ಒಂದು ದಿನ ನೀನು ಸ್ವಿಚ್ ಆರಿಸದೆ ಬಿಟ್ಟಿದ್ದು, ನನಗೂ ಒಮ್ಮೆ ಕರೆಂಟ್ ಹೊಡೆದಿದ್ದರೆ, ಅವತ್ತೇ ನಂಬುತ್ತಿದ್ದೆ.

ಅವಳು ಲೋಟ ಕೆಳಗಿಟ್ಟಳು. "ಅದು ನನಗೂ ಹೊಳೀತು. ಒಂದಿನ ಆರಿಸ್ದೇ ಬಿಟ್ಟೂ ಬಿಟ್ಟೆ. ನೀವು ಟವೆಲ್ ಹೆಗಲ ಮೇಲೆ ಹಾಕ್ಕಂಡು ಒಳಗೆ ಹೋದ್ರಿ. ನೀವು ಚಿಲಕ ಹಾಕೋದ್ರೊಳಗೆ ಓಡಿ ಬಂದು ಆರಿಸಿಬಿಟ್ಟೆ."

"ಯಾಕೆ?"

"ಅದು ಹೆಂಗಿರ್ತೈತೆ ಅಂತ ನನಗೆ ಗೊತ್ತಿತ್ತಲ್ರಿ."