ಬಂಡೆಯ ಮೇಲಿನ ನಲವತ್ತು ನಿಮಿಷ

ಅರವತ್ತರ ದಶಕದ ಆರಂಭದಲ್ಲಿ ನಾನು ಉಡುಪಿಯ ಒಂದು ಸ್ಟುಡಿಯೋದಲ್ಲಿ ಫೋಟೋಗ್ರಾಫರ್ ಆಗಿದ್ದೆ. ಹಗಲೆಲ್ಲ ಮದುಮಕ್ಕಳ ಗಂಟುಮುಖ ತೆಗೆದು ಬೇಸತ್ತವನಿಗೆ ನಕ್ಷತ್ರಗಳ ಹುಚ್ಚು ಹಿಡಿಯಿತು. ಶಟರ್ ತೆರೆದಿಟ್ಟರೆ ಅವು ತಮ್ಮ ದಾರಿಯನ್ನು ತಾವೇ ಫಿಲ್ಮಿನ ಮೇಲೆ ಗೆರೆಯಾಗಿ ಎಳೆಯುತ್ತವೆ. ಆದರೆ ಜಾಗ ಬೇಕಲ್ಲ? ಕಡಿಯಾಳಿಯಲ್ಲಿ ಬೀದಿದೀಪ. ಅಜೆಕಾರಿನ ಗದ್ದೆಯಲ್ಲಿ ಮಂಜು ಕುಳಿತು ಲೆನ್ಸ್ ಕುರುಡಾಯಿತು. ಕೊನೆಗೆ ಕಾಪುವಿನ ಕಡಲತೀರಕ್ಕೆ ಬಂದೆ. ದೀಪಸ್ತಂಭದ ಬಂಡೆಯ ಕೆಳಮಗ್ಗುಲಲ್ಲಿ ಕುಳಿತರೆ ಬೆಳಕು ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಲೆನ್ಸಿನ ಕಿಂಡಿಯನ್ನು, ಅಂದರೆ ಅಪರ್ಚರನ್ನು, ಪೂರ್ತಿ ತೆರೆದರೆ ಆಕಾಶವೇ ಬೆಳ್ಳಗೆ, ಎಂಟಕ್ಕೆ ಕಿರಿದು ಮಾಡಿದರೆ ಸಣ್ಣ ನಕ್ಷತ್ರಗಳು ನಾಪತ್ತೆ. ಐದು ಪಾಯಿಂಟ್ ಆರು, ನಲವತ್ತು ನಿಮಿಷ: ಮೂರು ಅಮಾವಾಸ್ಯೆ ಹಾಳುಮಾಡಿ ಕಲಿತ ಲೆಕ್ಕ.

ನಾಲ್ಕನೆಯ ಅಮಾವಾಸ್ಯೆಯಂದು ಶಟರ್ ತೆರೆದು ಹತ್ತು ನಿಮಿಷವಾಗಿರಬೇಕು, ಸಮುದ್ರದಲ್ಲಿ ಒಂದು ಲಾಟೀನು ಕಾಣಿಸಿತು, ಸರಿಯಾಗಿ ನನ್ನ ಚಿತ್ರದ ಚೌಕಟ್ಟಿನೊಳಗೆ. ಮೈಯೆಲ್ಲ ಉರಿಯಿತು. ಇಷ್ಟು ದೊಡ್ಡ ಸಮುದ್ರದಲ್ಲಿ ಇವನಿಗೆ ಬೇರೆ ಜಾಗ ಸಿಗಲಿಲ್ಲವೇ ಎಂದು ಬೈದೆ. ಆ ದೀಪ ಆರಿಹೋಗಲಿ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಆರಿತು. ನನಗೆ ಖುಷಿಯಾಯಿತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಫಿಲ್ಮ್ ತೊಳೆದೆ. ನಕ್ಷತ್ರದ ಗೆರೆಗಳು ಚೆನ್ನಾಗಿ ಬಂದಿದ್ದವು. ಕೆಳಗೆ ಲಾಟೀನಿನ ಗೆರೆ. ಹುಟ್ಟು ಹಾಕುವ ದೋಣಿಯ ದೀಪ ಮುಂದೆ ಸಾಗಬೇಕು. ಇದು ಒಂದೇ ಕಡೆ ಎಡಕ್ಕೂ ಬಲಕ್ಕೂ ಹೊಯ್ದಾಡಿ ತಟ್ಟನೆ ನಿಂತಿತ್ತು. ಯಾರೋ ಅದನ್ನು ಬೀಸಿದ್ದರು. ಕಾಪುವಿನ ದೋಣಿಯೊಂದು ಮರಳಿಲ್ಲವೆಂದು ಸಂಜೆಗೆ ಸುದ್ದಿ ಬಂತು. ದೋಣಿಯವನು ಮೀನಿಗೆ ಒಬ್ಬನೇ ಹೋಗಿದ್ದನಂತೆ. ದೀಪಸ್ತಂಭದ ಕಾವಲಿನವನು ನನ್ನಿಂದ ಒಂದು ಕೂಗಿನ ದೂರದಲ್ಲಿದ್ದ. ನಾನು ಕೂಗಿರಲಿಲ್ಲ.

ತಿಂಗಳ ಬಳಿಕ ಆ ದೋಣಿಯವನ ಹೆಂಡತಿ ಮದುವೆಯ ಫೋಟೋ ಹಿಡಿದು ಸ್ಟುಡಿಯೋಕ್ಕೆ ಬಂದಳು. ಶವ ಸಿಕ್ಕಿರಲಿಲ್ಲ. ಗಂಡನ ಮುಖವಷ್ಟನ್ನೇ ದೊಡ್ಡದು ಮಾಡಿಸಿ, ಹಾರ ಹಾಕಿ, ಕ್ರಿಯೆ ಮುಗಿಸಿಬಿಡು ಎಂದು ಹಿರಿಯರು ಹೇಳಿದ್ದರಂತೆ. ನಾನು ಅಂದು ಬಂಡೆಯಲ್ಲಿದ್ದುದನ್ನು ಕಾವಲಿನವನಿಂದ ತಿಳಿದಿದ್ದಳು.

“ನೀವು ಅಲ್ಲೇ ಇದ್ದಿರಿ ಅಲ್ವಾ? ದೀಪ ಎಂತಾದರೂ ಕಂಡಿತಾ?” ಎಂದು ಕೇಳಿದಳು.

ನೆಗೆಟಿವ್ ನನ್ನ ಮೇಜಿನ ಖಾನೆಯಲ್ಲೇ ಇತ್ತು.

“ಇಲ್ಲ ಅಕ್ಕ, ಎಂತದೂ ಕಾಣಲಿಲ್ಲ.”

ಅವಳ ಮುಖ ಅರಳಿತು. “ಹಾಗಾದರೆ ಅವರು ಇಲ್ಲಿ ಮುಳುಗಲಿಲ್ಲ. ಎಲ್ಲೋ ದಡ ಸೇರಿದ್ದಾರೆ. ಪಟ ಈಗ ಬೇಡ.”

ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದಳು. ಕರೆದು ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ಆರೇಳು ವರ್ಷದ ನಂತರ ಕಾಪುವಿನ ಬಸ್ಸಿನಲ್ಲಿ ಅವಳನ್ನು ಕಂಡೆ. ಹಣೆಯಲ್ಲಿ ಕುಂಕುಮ ಹಾಗೆಯೇ ಇತ್ತು.