ಶನಿವಾರದ ಪತ್ರಿಕೆ, ಭಾನುವಾರದ ಮೊರೆ

ನಮ್ಮ ಪ್ರಾರ್ಥನೆಗಳಲ್ಲಿ ಕೂದಲಿರುತ್ತಿತ್ತು. ಅಲಂಕಾರಕ್ಕೆ ಹೇಳುತ್ತಿಲ್ಲ, ಕಪ್ಪು, ಬಿಳಿ, ಗೋರಂಟಿ ಹಚ್ಚಿದ ಕೆಂಪು, ಹೀಗೆ ನಾನಾ ವರ್ಣದ ನಿಜವಾದ ಕೂದಲು. ಕೆ.ಆರ್. ನಗರದ ನಮ್ಮ ಚರ್ಚಿನ ಯುವಕ ಯುವತಿಯರಿಗೆ ಪತ್ರಿಕೆ ಕೊಂಡು ಓದುವ ವೈಭೋಗವಿರಲಿಲ್ಲವಾದ್ದರಿಂದ, ಬಸ್‌ಸ್ಟ್ಯಾಂಡಿನ ಪಕ್ಕದ ಕ್ಷೌರದಂಗಡಿಯವರು ವಾರವಿಡೀ ಗಿರಾಕಿಗಳಿಂದ ಓದಿಸಿ ಹಣ್ಣುಮಾಡಿದ ಪತ್ರಿಕೆಗಳ ಕಟ್ಟೊಂದನ್ನು ಶನಿವಾರ ಮಧ್ಯಾಹ್ನ ನಮಗೆ ದಾನ ಮಾಡುತ್ತಿದ್ದರು. ಚರ್ಚಿನ ಹಿಂದಿನ ಧರ್ಮೋಪದೇಶದ ಕೊಠಡಿಯಲ್ಲಿ ಅದನ್ನು ಬಿಚ್ಚಿ ಕೊಡವಿದರೆ ಮೊದಲು ಊರಿನವರ ತಲೆಗೂದಲು ಉದುರುತ್ತಿತ್ತು, ಆಮೇಲೆ ದೇಶದ ಸುದ್ದಿ ಸಿಗುತ್ತಿತ್ತು.

ನೀವು ಪೂಜೆಗೆ ಬಂದು ಗೊತ್ತಿಲ್ಲದವರಾದರೆ ಒಂದು ಮಾತು ಹೇಳಿಬಿಡುತ್ತೇನೆ. ಭಾನುವಾರದ ಬಲಿಪೂಜೆಯಲ್ಲಿ ಗುರುಗಳ ಪ್ರಬೋಧನೆ ಮುಗಿದು ಜನ ಆಕಳಿಕೆಯಿಂದ ಚೇತರಿಸಿಕೊಳ್ಳುವ ಹೊತ್ತಿಗೆ ವಿಶ್ವಾಸಿಗಳ ಪ್ರಾರ್ಥನೆ ಬರುತ್ತದೆ. ಒಬ್ಬರು ಮುಂದೆ ನಿಂತು ನಾಲ್ಕೈದು ಮೊರೆಗಳನ್ನು ಓದುತ್ತಾರೆ. ಒಂದೊಂದಕ್ಕೂ ಸಭೆ “ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿ” ಎಂದು ದನಿಗೂಡಿಸುತ್ತದೆ. ಮೊದಲೆಲ್ಲ ಈ ಮೊರೆಗಳು ಅಚ್ಚಾದ ಪುಸ್ತಕದಿಂದ ಬರುತ್ತಿದ್ದವು. ಯಾವ ದೇಶಕ್ಕೂ ಯಾವ ಶತಮಾನಕ್ಕೂ ಒಪ್ಪುವಂತೆ ಹೊಲಿದ ರೆಡಿಮೇಡ್ ಅಂಗಿಗಳವು. ಆದ್ದರಿಂದಲೇ ಯಾರ ಮೈಗೂ ಸರಿಯಾಗಿ ಕೂರುತ್ತಿರಲಿಲ್ಲ. ಟಿ.ಸಿ.ಎಚ್. ಓದುತ್ತಿದ್ದ ಸ್ಟೆಲ್ಲಾ ಒಂದು ದಿನ ಗುರುಗಳ ಮುಂದೆ ನಿಂತು, “ಫಾದರ್, ನಮ್ಮೂರಿನ ವಿಷ್ಯ ದೇವ್ರಿಗೆ ನಾವೇ ಯೋಳ್ತೀವಿ” ಎಂದಳು. “ಯೋಳ್ರವ್ವ, ಐದು ನಿಮಿಷದೊಳ್ಗೆ ಯೋಳಿ” ಎಂದರು ಗುರುಗಳು. ಐದು ನಿಮಿಷದ ಮಹತ್ವ ನಲವತ್ತು ನಿಮಿಷ ಪ್ರಬೋಧನೆ ಮಾಡುವವರಿಗಲ್ಲದೆ ಇನ್ನಾರಿಗೆ ತಿಳಿದೀತು!

ಶನಿವಾರದ ಪತ್ರಿಕೆಯ ಸುದ್ದಿ ನೋಡಿ ಭಾನುವಾರದ ಮೊರೆ ಬರೆಯುವ ಈ ಕೆಲಸಕ್ಕೆ ಸ್ಟೆಲ್ಲಾ ಎರಡು ಕಟ್ಟಳೆ ಮಾಡಿದಳು. ಮೊರೆ ಯಾರ ವಿರುದ್ಧವೂ ಇರಕೂಡದು. ಮೊರೆ ಬರೆದವರು ಮುಂದಿನ ಶನಿವಾರದೊಳಗೆ ಅದಕ್ಕಾಗಿ ಕೈಲಾದದ್ದೊಂದನ್ನು ಮಾಡಿ ಬಂದಿರಬೇಕು. ದೇವರಿಗೆ ಅರ್ಜಿ ಹಾಕಿ ಮನೆಯಲ್ಲಿ ಮಲಗುವಂತಿಲ್ಲ. ಈ ಎರಡನೆಯ ಕಟ್ಟಳೆ ಎಷ್ಟು ಅಪಾಯಕಾರಿಯೆಂದು ನನಗೆ ಅರಿವಾದದ್ದು ನಾನು ಭಾರತದ ಕ್ರಿಕೆಟ್ ತಂಡಕ್ಕಾಗಿ ಮೊರೆ ಬರೆದ ದಿನ. “ಬರೆ ಕಣೋ ಕ್ಯಾಸೆಟ್ಟು, ಬ್ಯಾಡ ಅನ್ನಲ್ಲ. ಬರೋ ಶನಿವಾರಕ್ಕೆ ಚರ್ಚ್ ಹಿಂದಿನ ಮುಳ್ಳೆಲ್ಲ ಕಿತ್ತು ಮಕ್ಕಳಿಗೊಂದು ಪಿಚ್ ಮಾಡ್ಬುಡು” ಎಂದಳು. ನಾನು ಕಿತ್ತೆ. ಭಾರತ ಸೋತಿತು. ಮಕ್ಕಳು ಮಾತ್ರ ಇಂದಿಗೂ ಆಡುತ್ತಿದ್ದಾರೆ.

ಆ ಹುಚ್ಚು ನೆಗಡಿಯಂತೆ ಅಕ್ಕಪಕ್ಕದ ತಾಲ್ಲೂಕುಗಳಿಗೂ ಹಬ್ಬಿತು. ತಿಂಗಳಿಗೊಮ್ಮೆ ಹುಣಸೂರಿನಲ್ಲಿ ಎಲ್ಲರೂ ಸೇರಿದಾಗ ಕೇಳಬೇಕಿತ್ತು ನೀವು. ಪಿರಿಯಾಪಟ್ಟಣದವರು ಹೊಗೆಸೊಪ್ಪಿನ ಹರಾಜಿನ ಸುದ್ದಿಯನ್ನು ಮುಂದಿಟ್ಟುಕೊಂಡು, ಸೊಪ್ಪಿಗೆ ಒಳ್ಳೆಯ ಬೆಲೆಯೂ ಬರಬೇಕು, ಅದನ್ನು ಯಾರೂ ಸೇದಲೂಬಾರದು ಎಂಬ ಮೊರೆಯನ್ನು ಹೇಗೆ ಬರೆಯುವುದೆಂದು ಎರಡು ಗಂಟೆ ಬೆವರುತ್ತಿದ್ದರು. ಕೊನೆಗೆ ಸೊಪ್ಪು ಹದಮಾಡುವ ಬ್ಯಾರನ್ನಿನ ಬೆಂಕಿಗೆ ಸೌದೆ ಒಟ್ಟುವ ಹೆಂಗಸರ ಕಣ್ಣುಗಳಿಗಾಗಿ ಬೇಡಿಕೊಂಡರು, ಮರುವಾರ ಕಣ್ಣಿನ ಡಾಕ್ಟರನ್ನೂ ಹುಡುಕಿ ತಂದರು. ಕೋಟೆ ತಾಲ್ಲೂಕಿನ ಕಡೆಯವರು ಕಾಡಂಚಿನ ಆದಿವಾಸಿ ಹಾಡಿಯ ಮಕ್ಕಳಿಗಾಗಿ ಮೊರೆಯಿಟ್ಟು, ಅವರನ್ನು ಶಾಲೆಗೆ ಬಿಡಲು ಹೋಗಿ, ದಾರಿಯಲ್ಲಿ ಆನೆ ನಿಂತಿದ್ದರಿಂದ ತಾವೇ ಮರದ ಮೇಲೆ ಕೂತು ಬಂದರು. ಚರ್ಚಿನ ಅಮ್ಮನವರ ಹಬ್ಬದ ಹಾಡಿಗೆ ಸೋಬಾನೆಯ ಧಾಟಿ ತಂದವರೂ, ಸುಗ್ಗಿಯಲ್ಲಿ ರಾಗಿತೆನೆಯನ್ನು ಪೀಠದ ಮುಂದಿಟ್ಟವರೂ ಈ ಪುಂಡರೇ. ಹಿರಿಯರು ಮೊದಲು ಮುಖ ಸಿಂಡರಿಸಿ, ಆಮೇಲೆ ಹಾಡು ಬಂದಾಗ ಮೆಲ್ಲಗೆ ತಲೆದೂಗಿದರು. ನಾನು ಅವರ ಸಿಂಡರಿಸಿದ ಮುಖವನ್ನೂ ತಲೆದೂಗುವುದನ್ನೂ ಒಟ್ಟಿಗೆ ಅಭಿನಯಿಸಿ ತೋರಿಸುತ್ತಿದ್ದೆ.

ಅದೇ ನನ್ನ ಕಸುಬು. ಊರು ನನ್ನನ್ನು ಕ್ಯಾಸೆಟ್ಟು ಎಂದೇ ಕರೆಯುತ್ತಿತ್ತು. ಗುರುಗಳ ಕೆಮ್ಮು, ಕಂಡಕ್ಟರನ ಸೀಟಿ, ಸ್ಟೆಲ್ಲಾ ಕನ್ನಡಕ ಏರಿಸಿಕೊಂಡು ಉಪದೇಶ ಮಾಡುವ ಪರಿ, ನನ್ನನ್ನು ಬೈಯುವ ನನ್ನ ತಾಯಿ, ಬೈಸಿಕೊಳ್ಳುವ ನಾನು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಇದ್ದದ್ದು ಅರುಳಪ್ಪನವರಿಗೆ. ಅರುಳಪ್ಪನವರು ಬಸ್‌ಸ್ಟ್ಯಾಂಡಿನ ಮರದಡಿಯಲ್ಲಿ ಪೆಟ್ಟಿಗೆಯಿಟ್ಟು ಸ್ಟೌವು, ಕೊಡೆ ರಿಪೇರಿ ಮಾಡುತ್ತಿದ್ದ ಮುದುಕರು. ತಂಜಾವೂರಿನ ಕಡೆಯಿಂದ ಬಂದು ನಲವತ್ತು ವರ್ಷವಾಗಿತ್ತು. ಹೆಂಡತಿ ನಮ್ಮ ಚರ್ಚಿನ ಸಮಾಧಿಭೂಮಿಯಲ್ಲೇ ಮಲಗಿದ್ದಳು. “ಸ್ಟೌ ರಿಪೇರೀ, ಕೊಡೆ ರಿಪೇರೀ” ಎಂದು ತಮಿಳಿನ ಒಗ್ಗರಣೆ ಹಾಕಿ ಅವರು ಕೂಗುವುದನ್ನು ನಾನು ಟೀ ಅಂಗಡಿಯಲ್ಲಿ ಕೂಗಿ ತೋರಿಸುತ್ತಿದ್ದೆ. ಸಾಲದೆಂದು ಕೊನೆಗೊಂದು ಬಿಕ್ಕಳಿಕೆಯನ್ನೂ ಸೇರಿಸುತ್ತಿದ್ದೆ. ಅರುಳಪ್ಪನವರು ಕುಡಿಯುವವರಲ್ಲ, ಬಿಕ್ಕುವವರೂ ಅಲ್ಲ. ಅದು ಶುದ್ಧ ನನ್ನ ಸೃಷ್ಟಿ. ಅಲ್ಲೇ ಜನ ಹೆಚ್ಚು ನಗುತ್ತಿದ್ದದ್ದು.

ಆ ವರ್ಷ ಮುಂಗಾರು ಕೈಕೊಟ್ಟಿತು. ನಾಲೆಗಳಿಗೆ ನೀರು ಬಿಡುವುದು ನಿಂತಿತು. ಅತ್ತ ಕಾವೇರಿ ಹೊಳೆಯಿಂದ ತಮಿಳುನಾಡಿಗೆ ನೀರು ಬಿಡಬೇಕೆಂಬ ಜಗಳ ಎದ್ದಿತು. ಬಂದ್ ಆದ ದಿನ ನಾನು ಟೀ ಅಂಗಡಿಯ ಅರೆಮುಚ್ಚಿದ ಬಾಗಿಲಲ್ಲಿ ನಿಂತಿದ್ದೆ. ಮರದಡಿಯಿಂದ ಕೂಗು ಕೇಳಿಸಿತು: “ಸ್ಟೌ ರಿಪೇರೀ, ಕೊಡೆ ರಿಪೇರೀ”, ಆಮೇಲೆ ಬಿಕ್ಕಳಿಕೆ. ಏಳೆಂಟು ಹುಡುಗರು ಅರುಳಪ್ಪನವರನ್ನು ಸುತ್ತುವರಿದು ಅವರ ಮುಖಕ್ಕೇ ಕೂಗುತ್ತಿದ್ದರು. ಸುಳ್ಳೇಕೆ ಹೇಳಲಿ, ನನಗೆ ಮೊದಲು ಹುಟ್ಟಿದ್ದು ನಾಚಿಕೆಯಲ್ಲ; ಎಲಾ, ನನ್ನ ಐಟಮ್ಮು ಇಷ್ಟು ದೂರ ಹೋಗಿದೆಯೇ ಎಂಬ ಹೆಮ್ಮೆ. ಅಷ್ಟರಲ್ಲಿ ಒಬ್ಬ ಪೆಟ್ಟಿಗೆಯನ್ನು ಒದ್ದ. ಪಿನ್ನುಗಳು, ವಾಷರ್‌ಗಳು, ಸ್ಟೌವಿನ ಹಿತ್ತಾಳೆಯ ನಿಪ್ಪಲ್‌ಗಳು ಧೂಳಿನಲ್ಲಿ ಚೆಲ್ಲಿದವು. ಮುದುಕರು ಏನನ್ನೂ ಹೆಕ್ಕಲಿಲ್ಲ. ಖಾಲಿ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದರು. ನಾನು ಬಾಗಿಲಿನಿಂದ ಈಚೆ ಬರಲಿಲ್ಲ.

ಶನಿವಾರ ಕೊಠಡಿಯಲ್ಲಿ ಪತ್ರಿಕೆ ಬಿಚ್ಚಿದರೆ ಎಲ್ಲ ಪುಟದಲ್ಲೂ ಕಾವೇರಿ. ಅರುಳಪ್ಪನವರು ಸೋಮವಾರದ ಬಸ್ಸಿಗೆ ತಮಿಳುನಾಡಿನಲ್ಲಿರುವ ಮಗಳ ಊರಿಗೆ ಹೊರಟುಹೋಗುತ್ತಾರಂತೆ, ಇನ್ನು ಬರುವುದಿಲ್ಲವಂತೆ ಎಂಬ ಸುದ್ದಿಯನ್ನು ಯಾವ ಪತ್ರಿಕೆಯೂ ಹಾಕಿರಲಿಲ್ಲ, ಸ್ಟೆಲ್ಲಾ ತಂದಿದ್ದಳು. ಮೊರೆ ಏನೆಂದು ಬರೆಯುವುದು? ನಮ್ಮಲ್ಲಿ ಗದ್ದೆಯಿದ್ದವನು ಜೋಜಪ್ಪ. ಎತ್ತಿನಂಥ ಆಳು, ಎತ್ತಿನಂಥದೇ ಸಿಟ್ಟು.

“ನಾಟಿ ಮಾಡಿದ್ ಪೈರು ಕಣ್ಮುಂದೆ ಸೀದೋಯ್ತಾ ಅದೆ. ಅವ್ರಿಗೂ ನೀರ್ ಕೊಡಪ್ಪಾ ಅಂತ ನಾನು ಬೇಡ್ಬೇಕಾ? ಆಗಕಿಲ್ಲ ಬುಡು” ಎಂದ.

ಸ್ಟೆಲ್ಲಾ ಕನ್ನಡಕ ಏರಿಸಿಕೊಂಡಳು. “ನಿಮ್ ಗದ್ದೆ ನಾಲೆಯಲ್ಲಿ ಎಲ್ಲಿ ಬತ್ತದೆ ಜೋಜಣ್ಣ?”

“ತುದೀಲಿ. ಯಾಕೆ?”

“ಒಳ್ಳೆ ಮಳೆಯಾದ ವರ್ಷ್ವೂ ನಿಮ್ಗೆ ನೀರು ಬತ್ತದಾ?”

“ಎಲ್ ಬಂದಾತು? ಮೇಲ್ಗಡೆ ನನ್ಮಕ್ಳು ಮೋಟ್ರಿಟ್ಟು ಎಳ್ಕೊಂಡ್ಬುಟ್ರೆ…” ಎಂದವನು ಅಲ್ಲೇ ನಿಂತುಬಿಟ್ಟ.

ಗೆಳೆಯರೇ, ನಾನು ದೊಡ್ಡ ದೊಡ್ಡ ವಾಗ್ಮಿಗಳನ್ನು ಕೇಳಿದ್ದೇನೆ, ಅನೇಕರನ್ನು ಅಣಕಿಸಿಯೂ ಇದ್ದೇನೆ. ಆದರೆ ತನ್ನ ವಾದ ತನ್ನ ಬಾಯಲ್ಲೇ ಮುರಿದಾಗ ಅದನ್ನು ಅಂಟಿಸಲು ಹೋಗದೆ ಸುಮ್ಮನಾಗುವ ಧೈರ್ಯವಿರುವವನನ್ನು ನೋಡಿದ್ದು ಅಂದೇ. ಜೋಜಪ್ಪನ ಆ ಮೌನವನ್ನು ನನಗೆ ಈವರೆಗೂ ಅಭಿನಯಿಸಲಾಗಿಲ್ಲ. ಆ ಮೌನದಲ್ಲೇ ನನ್ನ ಬಾಯಿ ತಾನಾಗಿ ತೆರೆಯಿತು. “ಆ ಬಿಕ್ಕಳಿಕೆ ನಂದು” ಎಂದೆ.

ಎಲ್ಲರೂ ಇದು ಹೊಸ ತಮಾಷೆಯೆಂದು ನಗಲು ಸಿದ್ಧರಾದರು. ನಾನು ನಗದಿದ್ದುದರಿಂದ ಅರ್ಥವಾಯಿತು. ಬೈಯುತ್ತಾಳೆಂದು ನಾನು ಕಾದಿದ್ದರೆ, ಸ್ಟೆಲ್ಲಾ ಬೈಯದೆ ಪೆನ್ನು ಚಾಚಿದಳು. “ಈ ವಾರ ಕಟ್ಟಳೆ ತಿರುಗುಮುರುಗು. ಮೊದ್ಲು ಹೋಗಿ ಮಾಡ್ಬುಟ್ ಬಾ, ಆಮ್ಯಾಲೆ ಬರಿ.” ಎದ್ದು ಜೊತೆಗೆ ಬಂದವನು ಯಾರೆಂದುಕೊಂಡಿರಿ? ಜೋಜಪ್ಪ.

ಹಳೆಯ ಸ್ಪೀಕರಿನ ಆಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ ಅವನು ಮರದಡಿಯ ಧೂಳಿನಲ್ಲಿ ಎಳೆದ. ಪಿನ್ನುಗಳು ಓಡಿಬಂದು ಅಂಟಿಕೊಂಡವು. ಹಿತ್ತಾಳೆಗೆ ಆಯಸ್ಕಾಂತದ ಹಂಗಿಲ್ಲ. ಅದನ್ನು ಕೈಯಲ್ಲೇ ಹೆಕ್ಕಬೇಕು. ಬಸ್ಸಿಗೆ ಕಾಯುತ್ತಿದ್ದವರ ಮುಂದೆ ನಾನು ಮೊಣಕಾಲೂರಿ ನಿಪ್ಪಲ್ ಹುಡುಕಿದೆ. ಅಷ್ಟು ಹೊತ್ತು ನಾನು ಚರ್ಚಿನಲ್ಲೂ ಮೊಣಕಾಲೂರಿದವನಲ್ಲ. ಪೆಟ್ಟಿಗೆ ಒದ್ದವರಲ್ಲಿ ಇಬ್ಬರು ಬಂದು, “ಏನ್ಲಾ ಕ್ಯಾಸೆಟ್ಟು, ಮುದುಕನ್ನ ಮಾಡ್ಲಾ ಒಂದ್ಸಲ” ಎಂದರು. “ಕ್ಯಾಸೆಟ್ಟಿನ ರೀಲು ಸಿಕ್ಕಾಕೊಂಡದೆ” ಎಂದೆ. ಜೋಜಪ್ಪ ತಲೆಯೆತ್ತಿ ಅವರನ್ನು ಒಮ್ಮೆ ನೋಡಿದ. ಅವರಿಗೆ ಬೇರೆ ಕೆಲಸ ನೆನಪಾಯಿತು.

ಭಾನುವಾರ ಪೂಜೆಗೆ ಮೊದಲೇ ಇಬ್ಬರೂ ಅರುಳಪ್ಪನವರ ಮನೆಗೆ ಹೋದೆವು. ಬಟ್ಟೆಯ ಗಂಟು ಬಾಗಿಲ ಬಳಿಯೇ ಇತ್ತು. ಡಬ್ಬಿಯಲ್ಲಿ ತುಂಬಿಟ್ಟ ಪಿನ್ನು, ನಿಪ್ಪಲ್‌ಗಳನ್ನು ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

“ಬಾ ತಂಬಿ. ನಂದು ವಾಯ್ಸು ವಾಪಸ್ ಕೊಡಕ್ಕೆ ಬಂದ್ಯಾ?” ಎಂದರು. “ಆ ಹುಡ್ಗರ್ ಮೇಲೆ ನಂಗೆ ಕೋಪ ಇಲ್ಲ. ಅವ್ರು ಯಾರೋ. ಆದ್ರೆ ಆ ವಿಕ್ಕಲ್, ಆ ಬಿಕ್ಕಳಿಕೆ ಕೇಳ್ದೆ ನೋಡು, ಆಗ ಗೊತ್ತಾಯ್ತು. ಇದು ನಮ್ ಕೋವಿಲ್, ನಮ್ ಚರ್ಚ್ ಹುಡ್ಗಂದು ಅಂತ.”

ತಪ್ಪಾಯಿತೆಂದು ಹೇಳಲು ನಾನು ಬಾಯಿ ತೆರೆದರೆ ಇಡೀ ಊರಿನ ದನಿಗಳನ್ನು ತುಂಬಿಕೊಂಡಿದ್ದ ಗಂಟಲಲ್ಲಿ ಒಂದೂ ಹೊರಡಲಿಲ್ಲ. ಕೊನೆಗೆ ಬಂದದ್ದು ಒಡಕು ದನಿ, ಪ್ರಾಯಶಃ ನನ್ನದೇ. ಬಹುಕಾಲ ಬಳಸದೆ ತುಕ್ಕು ಹಿಡಿದಿತ್ತು. ಮುದುಕರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಎದ್ದು, ಒಂದು ಭುಜ ಕೆಳಗೆ ಬಿಟ್ಟು, ಕಾಲರ್ ಮೇಲೆತ್ತಿ, ಕೂದಲು ಹಿಂದಕ್ಕೆ ಎಸೆದು, “ತಪ್ಪಾಯ್ತು ತಾತಾ” ಎಂದರು. ಸಾಕ್ಷಾತ್ ನಾನು! ನನ್ನ ಒಡಕು ದನಿ, ಅಳುವಾಗಲೂ ಬಿಡದ ನನ್ನ ಜಂಬ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಓರೆಯಾಗುವ ನನ್ನ ಕಣ್ಣು. ಜೋಜಪ್ಪ ನಕ್ಕು ನಕ್ಕು ನೆಲಕ್ಕೆ ಕುಸಿದ. ಅಣಕಕ್ಕೆ ಒಳಗಾದವನಿಗೆ ಏನಾಗುತ್ತದೆಂದು ನನಗೆ ಅಂದು ಖಚಿತವಾಗಿ ತಿಳಿಯಿತು. ವ್ಯತ್ಯಾಸವಿಷ್ಟೇ: ಅವರು ಅದನ್ನು ನನ್ನ ಮುಂದೆ ಮಾಡಿದರು, ನಾನಿಲ್ಲದ ಕಡೆ ಅಲ್ಲ, ಇಲ್ಲದ ಬಿಕ್ಕಳಿಕೆಯನ್ನು ಸೇರಿಸಲಿಲ್ಲ.

ಅರುಳಪ್ಪನವರು ಪೂಜೆಗೆ ಬಂದರು. ಹೋಗುತ್ತಾರೋ ಇರುತ್ತಾರೋ ಎಂದು ಮಾತ್ರ ಹೇಳಲಿಲ್ಲ. ನನ್ನ ಮೊರೆಯನ್ನು ನಾನೇ ಓದಿದೆ: “ನಮ್ಮ ಬಾಯಿಂದ ನಗೆಗಾಗಿ ಹೊರಟದ್ದು ಇನ್ನೊಬ್ಬರ ಕೈಯಲ್ಲಿ ಕಲ್ಲಾಗದಂತೆ ನಮ್ಮ ನಾಲಿಗೆಯನ್ನು ಕಾಯಿರಿ.” ಜನ ಉತ್ತರ ಕೊಟ್ಟರು. ಜೋಜಪ್ಪನದು ಇನ್ನೂ ಚಿಕ್ಕದು: “ನಾಲೆಯ ತುದಿಯ ಗದ್ದೆಗೂ ಹೊಳೆಯ ತುದಿಯ ಗದ್ದೆಗೂ ಮಳೆ ಕೊಡಿ.” ಇದಕ್ಕೆ ಸಭೆ ಕೂಡಲೇ ದನಿಗೂಡಿಸಲಿಲ್ಲ. ಬೆಂಚುಗಳಲ್ಲಿ ಗದ್ದೆಯವರೇ ಹೆಚ್ಚಿದ್ದರು. ಎಲ್ಲರ ಪೈರೂ ಒಣಗುತ್ತಿತ್ತು. ಮುಂದೆ ನಿಂತ ಜೋಜಪ್ಪನ ಕಿವಿ ಕೆಂಪಗಾಯಿತು, ಆದರೆ ಅವನು ಕದಲಲಿಲ್ಲ. ಆಮೇಲೆ ಅವನ ಅಪ್ಪ, ಮಗನನ್ನು ಎಂದೂ ಹೊಗಳದ ಮುದುಕ, ಗಂಟಲು ಸರಿಮಾಡಿಕೊಂಡು ಒಬ್ಬನೇ ಆರಂಭಿಸಿದ. ಉಳಿದವರು ಸೇರಿಕೊಂಡರು. ಕೆಲವರು ಸೇರಲಿಲ್ಲ, ಅದನ್ನೂ ಹೇಳಬೇಕು.

ಪೂಜೆ ಮುಗಿದ ಮೇಲೆ ಅರುಳಪ್ಪನವರು ನೆಟ್ಟಗೆ ಎಸ್‌ಟಿಡಿ ಬೂತಿಗೆ ನಡೆದರು. ನಾವಿಬ್ಬರೂ ಹಿಂದೆಯೇ ಹೋಗಿ ಹೊರಗೆ ನಿಂತೆವು. ಸೆಖೆಗೆ ಗಾಜಿನ ಬಾಗಿಲು ತೆರೆದಿತ್ತು. ಮಗಳ ಜೊತೆ ಅವರು ತಮಿಳಿನಲ್ಲಿ ಮಾತಾಡುತ್ತಿದ್ದರು. “ಏನಂತಾವ್ರೆ? ಬತ್ತೀನಿ ಅಂತಾವ್ರಾ, ಬರಲ್ಲ ಅಂತಾವ್ರಾ?” ಎಂದು ಜೋಜಪ್ಪ ನನ್ನ ತೋಳು ಹಿಂಡಿದ. ಇಷ್ಟು ವರ್ಷ ಅವರ ದನಿಯ ಏರಿಳಿತವನ್ನೆಲ್ಲ ಬಾಯಿಪಾಠ ಮಾಡಿದ್ದ ನನಗೆ ಅವರ ಭಾಷೆಯ ಒಂದು ವಾಕ್ಯವೂ ಅರ್ಥವಾಗುತ್ತಿರಲಿಲ್ಲ. “ಗೊತ್ತಿಲ್ಲ ಕಣೋ” ಎಂದೆ.

ಮುದುಕರು ರಿಸೀವರನ್ನು ಅಂಗೈಯಿಂದ ಮುಚ್ಚಿ ನಮ್ಮ ಕಡೆ ತಿರುಗಿದರು.

“ಅಲ್ಲಿಗೆ ಬರಲ್ಲ ಅಂದೆ. ಅವ್ಳು ಅಳ್ತಾ ಇದಾಳೆ” ಎಂದರು.

ಜೋಜಪ್ಪ ಸ್ವಲ್ಪ ಹೊತ್ತು ಚಪ್ಪಲಿಯಿಂದ ನೆಲ ಕೆರೆದ. ಆಮೇಲೆ ಬಾಗಿಲೊಳಗೆ ತಲೆ ತೂರಿಸಿ, “ತಾತ, ಅವ್ರ ಕಡೆ ಮಳೆ ಆಯ್ತಾ ಕೇಳಿ” ಎಂದ.

ಅರುಳಪ್ಪನವರು ಕೇಳಿದರು. ಆ ಕಡೆಯ ಮಾತನ್ನು ಆಲಿಸಿದರು.

“ಇಲ್ವಂತೆ” ಎಂದರು. “ನಿಮ್ ಕಡೆ ಆಯ್ತಾ ಅಂತ ಅವ್ಳೂ ಕೇಳ್ತಾ ಇದಾಳೆ.”